ಮೋಟು ರಿವಾಲ್ವರ್ ಕೊಳ್ಳುವ ಮೊದಲು ಇದನ್ನು ಓದಿ

ದಕ್ಷಿಣ ಕೊಡಗಿನಲ್ಲಿ ಒಂದು ಮೋಟು ರಿವಾಲ್ವರ್ ಮಾರಾಟಕ್ಕೆ ಓಡಾಡುತ್ತಿದೆ. "ದೊರೆಗಳ ಕಾಲದ ತೋಟದ ಬಂಗಲೆಯಲ್ಲಿ ಇದ್ದದ್ದು, ಒರಿಜಿನಲ್ ಸ್ಮಿತ್ ಅಂಡ್ ವೆಸನ್ ಚೀಫ್ಸ್ ಸ್ಪೆಷಲ್, ಎರಡು ಇಂಚು ಬ್ಯಾರೆಲ್" ಎಂದು ಹೇಳಿ ತೋರಿಸುತ್ತಾರೆ. ದಯವಿಟ್ಟು ಯಾರೂ ಅಡ್ವಾನ್ಸ್ ಕೊಡಬೇಡಿ. ನನ್ನ ಭಾವ ಕೊಟ್ಟಿದ್ದಾರೆ, ಆ ದುಡ್ಡು ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಹಳೇ ಮೋಟು ರಿವಾಲ್ವರ್ ಅಂದರೆ ನನಗೆ ಪ್ರಾಣ. ಕೊಂಡು ಗುಡ್ಡೆ ಹಾಕಲು ಆಗುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನಲ್ಲಿ ಇಟ್ಟುಕೊಳ್ಳಬಹುದಾದ ಕೋವಿ 2 ಮಾತ್ರ. ಹಾಗಾಗಿ ನನ್ನ ಸಂಗ್ರಹ ಜಾಸ್ತಿ ಇರುವುದು ಫೋಟೊ, ಅಳತೆ, ಹಳೇ ಕ್ಯಾಟಲಾಗ್‌ಗಳಲ್ಲಿ. ಸೈನ್ಯದಲ್ಲಿದ್ದ ಅಜ್ಜಂದಿರ ರಿವಾಲ್ವರ್ ಇರುವ ಮನೆಗಳಿಗೆ ಹೋಗುತ್ತೇನೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿಗಳನ್ನು ಒರೆಸಿ ಪೂಜೆಗೆ ಇಡುತ್ತಾರಲ್ಲ, ಆಗ ಮನೆಯವರ ಒಪ್ಪಿಗೆ ಕೇಳಿ ಬರೆದುಕೊಳ್ಳುತ್ತೇನೆ.

ಹೋಲಿಸಿ ನೋಡುವುದರಲ್ಲಿ ಎಷ್ಟೊಂದು ಇದೆ ಗೊತ್ತಾ? 1872ರಲ್ಲಿ ಬಂದ ವೆಬ್ಲಿ ಬುಲ್‌ಡಾಗ್ ನೋಡಿ. ಬ್ಯಾರೆಲ್ ಎರಡೂವರೆ ಇಂಚು, ಐದೇ ಗುಂಡು. ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಹೊರಗೆ ಬರುವುದಿಲ್ಲ, ಬಲಗಡೆ ಒಂದು ಸಣ್ಣ ಬಾಗಿಲು ತೆರೆದು ಒಂದೊಂದೇ ತೋಟಾ ಹಾಕಬೇಕು. 1927ರ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಎರಡಿಂಚು ಬ್ಯಾರೆಲ್ಲಿನ ಚಿಕ್ಕ ಮೈಯಲ್ಲೇ ಆರು ಗುಂಡು ಹಿಡಿಸಿತು. ಕೋಲ್ಟಿನಲ್ಲಿ ಸಿಲಿಂಡರ್ ತೆಗೆಯಲು ಚಿಲಕವನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ತಳ್ಳಬೇಕು. ಕೋಲ್ಟಿನ ಸಿಲಿಂಡರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್ ಅಂಡ್ ವೆಸನ್‌ನದ್ದು ಉಲ್ಟಾ. 1950ರಲ್ಲಿ ಸ್ಮಿತ್ ಅಂಡ್ ವೆಸನ್‌ನ ಚೀಫ್ಸ್ ಸ್ಪೆಷಲ್ ಬಂತು. ಆಮೇಲೆ ಅದೇ ಕಂಪನಿಯ 1952ರ ಸೆಂಟೆನಿಯಲ್‌ನಲ್ಲಿ ಹ್ಯಾಮರನ್ನು (ಗುಂಡು ಹಾರಿಸಲು ಹಿಂದಿನಿಂದ ಬಡಿಯುವ ಕುದುರೆಯನ್ನು) ಪೂರ್ತಿ ಒಳಗೆ ಮುಚ್ಚಿದರು, ಹಿಡಿಯ ಹಿಂದೆ ಅದುಮುವ ಸೇಫ್ಟಿ ಕೊಟ್ಟರು. 1955ರ ಬಾಡಿಗಾರ್ಡ್‌ನಲ್ಲಿ ಹ್ಯಾಮರಿನ ತುದಿ ಮಾತ್ರ ಹೊರಗೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಬಾರದು ಎಂಬ ಒಂದೇ ಸಮಸ್ಯೆಗೆ ಇಷ್ಟು ಬಗೆಯ ಉತ್ತರ. ನನ್ನ ಮಟ್ಟಿಗೆ ಬಾಡಿಗಾರ್ಡೇ ಎಲ್ಲಕ್ಕಿಂತ ಜಾಣ ಉತ್ತರ. ಬೇಕೆಂದರೆ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬಹುದು, ಬಟ್ಟೆಗೂ ಸಿಕ್ಕುವುದಿಲ್ಲ.

ಇದೆಲ್ಲ ಗೊತ್ತಿದ್ದರೆ ಈ ಮೋಸ ಬೇಗ ಸಿಕ್ಕಿಬೀಳುತ್ತದೆ.

ಭಾವ ಸೈನ್ಯದಿಂದ ನಿವೃತ್ತರಾದವರು. ದಲ್ಲಾಳಿ ಫೋಟೊ ತೋರಿಸಿ, "ಇನ್ನೂ ಇಬ್ಬರು ಕೇಳ್ತಾ ಇದ್ದಾರೆ" ಎಂದು ಅವಸರ ಮಾಡಿ ಮುಂಗಡ ತೆಗೆದುಕೊಂಡಿದ್ದ. ಆಮೇಲೆ ಭಾವ ನನಗೆ ಫೋನ್ ಮಾಡಿ, "ನೀವೊಮ್ಮೆ ಬಂದು ನೋಡಿ ಹೇಳಿ ಭಾವ" ಅಂದರು. ಇಬ್ಬರೂ ಅವನ ಮನೆಗೆ ಹೋದೆವು. ಪೇಪರ್ ಹಾಸಿ ಅದರ ಮೇಲೆ ಇಟ್ಟ. ಮೈಯೆಲ್ಲ ಹೊಸ ನಿಕಲ್ ಪಾಲಿಶ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖಾಲಿ ಇದೆಯೇ ಎಂದು ನೋಡಲು ಸಿಲಿಂಡರ್ ತೆಗೆದೆ. ಆರು ತೂತು. ಚೀಫ್ಸ್ ಸ್ಪೆಷಲ್‌ನಲ್ಲಿ ಇರುವುದು ಐದು! ಹಿಡಿಯ ತಳದಲ್ಲಿ ನಂಬರಿನ ಮುಂದೆ ಇಂಗ್ಲಿಷಿನ 'ವಿ' ಅಕ್ಷರ. ಅಂದರೆ ಅದು ಎರಡನೇ ಮಹಾಯುದ್ಧದ ವಿಕ್ಟರಿ ಮಾಡೆಲ್. ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನ್ಯಗಳಿಗಾಗಿ ಅಮೆರಿಕದಲ್ಲಿ ಇದನ್ನು ಐದಿಂಚು ಬ್ಯಾರೆಲ್ಲಿನಲ್ಲಿ ರಾಶಿ ರಾಶಿ ಮಾಡಿದ್ದರು. ಯುದ್ಧ ಮುಗಿದ ಮೇಲೆ ಎಷ್ಟೋ ವಿಕ್ಟರಿಗಳ ಬ್ಯಾರೆಲ್ ಕಡಿದು ಮೋಟು ಮಾಡಿ ಮಾರಿದರು.

ಕಡಿದ ಗುರುತು ಒಂದಲ್ಲ ಎರಡಲ್ಲ. ಸ್ಮಿತ್ ಅಂಡ್ ವೆಸನ್ ರಿವಾಲ್ವರಿನಲ್ಲಿ ಖಾಲಿ ತೋಟಾ ಹೊರಗೆ ತಳ್ಳುವ ಕಡ್ಡಿಯ ತುದಿ, ಬ್ಯಾರೆಲ್ ಕೆಳಗಿನ ಒಂದು ಗಡ್ಡೆಗೆ ಸಿಕ್ಕಿ ನಿಲ್ಲುತ್ತದೆ. ಇದರಲ್ಲಿ ಆ ಗಡ್ಡೆಯೇ ಇಲ್ಲ, ಕಡ್ಡಿ ಗಾಳಿಯಲ್ಲಿ ಇದೆ. ಬ್ಯಾರೆಲ್ ಮೇಲೆ ಕಂಪನಿಯ ಹೆಸರು ಅರ್ಧಕ್ಕೆ ನಿಂತಿದೆ. ಗುರಿ ನೋಡುವ ಮುಂದಿನ ಸೈಟ್ ಬ್ಯಾರೆಲ್ಲಿನ ಜೊತೆಗೇ ಮೂಡಿದ್ದಲ್ಲ, ಬುಡದಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಹಿಡಿಯ ತಳದಲ್ಲಿ ಹಗ್ಗ ಕಟ್ಟುವ ಬಳೆ ಇದ್ದ ತೂತನ್ನು ತುಂಬಿ ಉಜ್ಜಿದ್ದಾರೆ.

ನನ್ನನ್ನು ಹೆದರಿಸಿದ್ದು ಸಿಲಿಂಡರ್. ಇದು ಹುಟ್ಟಿದ್ದು .38 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಎಂಬ ಹಳೇ ತೋಟಾಕ್ಕೆ. ಅದರ ಹಿತ್ತಾಳೆ ಕೇಸಿನ ಉದ್ದ .767 ಇಂಚು, ಇಂಗ್ಲೆಂಡಿನಲ್ಲಿ ಪರೀಕ್ಷೆ ಆಗಿ ಮಾರಾಟವಾದ ರಿವಾಲ್ವರ್‌ಗಳ ಮೇಲೆ ಈ ಅಂಕಿಯನ್ನೇ ಒತ್ತಿರುತ್ತಾರೆ. ಚೀಫ್ಸ್ ಸ್ಪೆಷಲ್‌ಗೆ ಹಾಕುವ .38 ಸ್ಪೆಷಲ್ ತೋಟಾದ ಕೇಸು 1.155 ಇಂಚು. ಅದು ಒಳಗೆ ಹೋಗಲಿ ಎಂದು ಇದರ ತೂತುಗಳನ್ನು ಉದ್ದಕ್ಕೆ ಕೊರೆದಿದ್ದರು. ಉದ್ದ ಸರಿಹೋದರೂ ಅಗಲ ಸರಿಹೋಗುವುದಿಲ್ಲ, ಏಕೆಂದರೆ ಹಳೇ ತೋಟಾದ ಮೈ ಸ್ವಲ್ಪ ದಪ್ಪ. ಹೊಡೆದಾಗ ಹಿತ್ತಾಳೆ ಕೇಸು ಉಬ್ಬುತ್ತದೆ, ಎಷ್ಟೋ ಸಲ ಸೀಳುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಮ್ಮ ಹುಡುಗರು ಉತ್ಸಾಹದಿಂದ ಇಂಥದ್ದನ್ನು ಹಿಡಿದು ನಿಂತರೆ ಏನು ಗತಿ?

ಕಾಗದಪತ್ರ ಕೇಳಿದೆ. "ಕೊಡಗಿನವರಿಗೆ ಪೇಪರ್ ಯಾಕೆ? ನಿಮಗೆ ವಿನಾಯಿತಿ ಇದೆಯಲ್ಲ" ಅಂದ. ಈ ಮಾತು ನನಗೆ ತುಂಬ ನೋವು ಕೊಟ್ಟಿತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಅದು ನಮ್ಮ ಹಿರಿಯರ ಮೇಲಿನ ನಂಬಿಕೆಯಿಂದ ಬಂದದ್ದು. ಕಳ್ಳ ಮಾಲಿಗೆ ಅದನ್ನು ಅಡ್ಡ ಹಿಡಿದರೆ ಇಡೀ ಜಿಲ್ಲೆಗೆ ಕೆಟ್ಟ ಹೆಸರು.

ವಿನಾಯಿತಿ ಇದ್ದ ಮಾತ್ರಕ್ಕೆ ಎಲ್ಲ ಮಾಫಿ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬ್ಯಾರೆಲ್ ಕಡಿಯುವುದೇ ಅಪರಾಧ. ಇದನ್ನು ವಿದೇಶದಲ್ಲಿ ಕಡಿದರೋ, ಇಲ್ಲೇ ಯಾವುದೋ ವರ್ಕ್‌ಶಾಪಿನಲ್ಲಿ ಕಡಿದರೋ, ಕಾಗದ ಇಲ್ಲದೆ ಯಾರು ಹೇಳಬೇಕು? ನಂಬರ್ ಉಜ್ಜುವುದನ್ನು 8ನೇ ಸೆಕ್ಷನ್ ತಡೆಯುತ್ತದೆ. ಇದರ ಹಿಡಿಯ ನಂಬರ್ ಇತ್ತು, ಸಿಲಿಂಡರ್ ಹಿಂಬದಿಯದ್ದು ಉಜ್ಜಿ ಹೋಗಿತ್ತು. ಇದರ ಹಾಗೆ ಸೈನ್ಯದ .380 ಅಥವಾ .455 ತೋಟಾ ಹಾಕಿ ಹೊಡೆಯಬಹುದಾದ ರಿವಾಲ್ವರ್‌ಗಳು ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಖಾಸಗಿಯಾಗಿ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲೇ ಬರೆದು ತಿಳಿಸಿ 45 ದಿನ ಕಾಯಬೇಕು.

"ಹಾಗಾದರೆ ಆಂಟಿಕ್ ಅಂತ ಇಟ್ಟುಕೊಳ್ಳಿ" ಅಂದ ಕೊನೆಗೆ. ರಿಪೇರಿ ಮಾಡಿದರೂ ಗುಂಡು ಹಾರದ ಹಳೇ ಆಯುಧಕ್ಕೆ ಮಾತ್ರ ಆ ರಿಯಾಯಿತಿ. ಇದು ಈಗಲೇ ಹಾರುತ್ತದೆ.

ಬೇಡ ಎಂದು ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ, "ನೀವೂ ಮುಟ್ಟಿದ್ದೀರಿ, ಕೇಸ್ ಆದರೆ ನಿಮ್ಮ ಹೆಸರೂ ಬರುತ್ತೆ" ಎಂದು ಹೆದರಿಸಿದ. ಎಷ್ಟೋ ಜನ ಇಲ್ಲೇ ಸುಮ್ನಾಗಿಬಿಡುತ್ತಾರೆ. ಭಾವ ಸುಮ್ಮನಾಗಲಿಲ್ಲ. ಮಾರನೇ ದಿನವೇ ಇಬ್ಬರೂ ಠಾಣೆಗೆ ಹೋಗಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಅವನ ಫೋನ್ ಅಂದಿನಿಂದ ಸ್ವಿಚ್ ಆಫ್.

ಮೊನ್ನೆ ಸಿದ್ದಾಪುರ ಕಡೆಯ ಪರಿಚಯದವರಿಗೆ ಅದೇ ಫೋಟೊ ಬಂದಿದೆ. ನಿಕಲ್ ಪಾಲಿಶ್, ಆರು ತೂತು, 'ವಿ' ನಂಬರ್, ಬೆಸುಗೆ ಹಾಕಿದ ಸೈಟ್, ಹಿಡಿಯ ತಳದಲ್ಲಿ ತುಂಬಿದ ತೂತು. ನಿಮಗೂ ತೋರಿಸಿದರೆ ಕೈಗೆ ತೆಗೆದುಕೊಳ್ಳಬೇಡಿ, ಫೋಟೊ ಮತ್ತು ಕಳಿಸಿದವರ ನಂಬರ್ ಉಳಿಸಿಕೊಂಡು ಹತ್ತಿರದ ಠಾಣೆಗೆ ತಿಳಿಸಿ. ಈಗಾಗಲೇ ದುಡ್ಡು ಕೊಟ್ಟವರಿದ್ದರೆ ನೀವೂ ದೂರು ಕೊಡಿ. ನಮ್ಮದೊಂದೇ ದೂರು ಇದ್ದರೆ ಅವನು ತಪ್ಪಿಸಿಕೊಳ್ಳುತ್ತಾನೆ.