ಬೆಕ್ಕಿನ ಹೊಲಿಗೆ ಮಾಯುವ ಮೊದಲು ಕೋನ್ ಬಿಚ್ಚಬೇಡಿ: ನಮ್ಮ ಮನೆಯಲ್ಲಿ ಆದದ್ದು

ಮೈಸೂರಿನ ನಮ್ಮ ಮನೆಯ ಬೆಕ್ಕು ಕೆಂಚಿಗೆ ಕಳೆದ ಡಿಸೆಂಬರಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿಯೇ ನಡೆದಿತ್ತು. ಅನಾಹುತ ಆದದ್ದು ನಾಲ್ಕನೆಯ ದಿನ, ಮನೆಯಲ್ಲಿ, ನನ್ನ ಕೈಯಿಂದ. ಬೆಕ್ಕನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯಲು ಸಿದ್ಧರಾಗಿರುವವರು ಅದೇ ತಪ್ಪನ್ನು ಮಾಡಬಾರದೆಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಿಟ್ಟುಬಂದ ಬೆಕ್ಕನ್ನು ಅದೇ ಸಂಜೆ ನಮ್ಮ ಕೈಗೆ ಕೊಟ್ಟರು. ಕೊಡುವಾಗ ಹೇಳಿದ್ದು ಎರಡೇ ಮಾತು: ಹೊಲಿಗೆಗೆ ನೀರು ತಾಗಿಸಬೇಡಿ, ಹತ್ತು ದಿನ ಬಿಟ್ಟು ಬನ್ನಿ. ಬಿಲ್ಲನ್ನು ಅಚ್ಚು ಹಾಕಿ ಕೊಟ್ಟವರು ಆರೈಕೆಯ ಬಗ್ಗೆ ಒಂದು ಸಾಲನ್ನೂ ಬರೆದುಕೊಡಲಿಲ್ಲ. ಬೆಕ್ಕು ಗಾಯವನ್ನು ನೆಕ್ಕದಂತೆ ಕುತ್ತಿಗೆಗೆ ಲಾಳಿಕೆಯಂಥ ಪ್ಲಾಸ್ಟಿಕ್ ಕೋನ್ ಒಂದನ್ನು ಕಟ್ಟಿದ್ದರು. ಅದು ಎಷ್ಟು ಮೋಟಾಗಿತ್ತೆಂದರೆ ಕೆಂಚಿಯ ಮೂಗು ಅದರ ಅಂಚಿನಿಂದ ಹೊರಗೆ ಕಾಣುತ್ತಿತ್ತು. ಕೋನಿನ ಅಂಚು ಮೂಗಿನ ತುದಿಗಿಂತ ಕನಿಷ್ಠ ಒಂದು ಅಂಗುಲವಾದರೂ ಮುಂದಿರಬೇಕು, ಕುತ್ತಿಗೆ ಮತ್ತು ಪಟ್ಟಿಯ ನಡುವೆ ಒಂದೆರಡು ಬೆರಳು ಹೋಗುವಷ್ಟು ಜಾಗ ಇರಬೇಕು. ಇದು ನನಗೆ ತಿಳಿದದ್ದು ಎಲ್ಲ ಆದ ಮೇಲೆ.

ಮೊದಲ ರಾತ್ರಿ ಅರಿವಳಿಕೆಯ ಅಮಲು ಪೂರ್ತಿ ಇಳಿದಿರಲಿಲ್ಲ. ನಿಂತರೆ ಹಿಂಗಾಲು ಜಾರುತ್ತಿತ್ತು. ಆ ಸ್ಥಿತಿಯಲ್ಲಿಯೂ ಅವಳು ಕಿಟಕಿಯ ಕಟ್ಟೆಗೆ ಹಾರಲು ನೋಡಿದಳು. ಆಗಲೇ ಎಚ್ಚೆತ್ತುಕೊಂಡು ಅವಳನ್ನು ಏರಲು ಏನೂ ಇಲ್ಲದ ಕೋಣೆಯಲ್ಲಿ ಇರಿಸಬೇಕಿತ್ತು. ಎರಡನೆಯ ದಿನ ಸ್ವಲ್ಪ ಬೇಯಿಸಿದ ಕೋಳಿಮಾಂಸ ತಿಂದಳು. ಮೂರನೆಯ ದಿನ ಚುರುಕಾದಳು. ಈ ಚುರುಕೇ ನಮ್ಮನ್ನು ಮೋಸಗೊಳಿಸಿತು. ಬೆಕ್ಕು ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ಅದು ಓಡಾಡತೊಡಗಿತೆಂದ ಮಾತ್ರಕ್ಕೆ ಒಳಗಿನ ಗಾಯ ಕೂಡಿಕೊಂಡಿದೆ ಎಂದಲ್ಲ.

ನಾಲ್ಕನೆಯ ದಿನ ಭಾನುವಾರ. ಕೋನ್ ಗೋಡೆಗೂ ಬಾಗಿಲಿಗೂ ಬಡಿದು ಅವಳು ಹಿಂದೆ ಹಿಂದೆ ನಡೆಯುತ್ತಿದ್ದಳು, ಬಟ್ಟಲಿನ ಹಾಲನ್ನೂ ಮುಟ್ಟಿರಲಿಲ್ಲ. ಅಮ್ಮ ನೋಡಲಾರದೆ, "ಪಾಪ ಕಣೋ, ಮೂಕಪ್ರಾಣಿ, ಒಂದು ಗಳಿಗೆ ಬಿಚ್ಚಿಬಿಡು, ಮೈ ನೆಕ್ಕಿಕೊಂಡು ಹಗುರಾಗ್ಲಿ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಬಿಚ್ಚಿದೆ. ಅವಳು ಮೊದಲು ಮುಖ ತೊಳೆದುಕೊಂಡಳು, ಆಮೇಲೆ ಭುಜ, ಆಮೇಲೆ ಬೆನ್ನು. ಎಷ್ಟೋ ದಿನಗಳ ಮೇಲೆ ಅವಳ ಗುರುಗುರು ಸದ್ದು ಕೇಳಿಸಿತು. ಅಷ್ಟರಲ್ಲಿ ಫೋನ್ ಬಂತು, ನಾನು ವರಾಂಡಕ್ಕೆ ಹೋದೆ. ಮಾತು ಮುಗಿಸಿ ಬರುವಾಗ ಅರ್ಧ ಗಂಟೆಯೂ ಕಳೆದಿರಲಿಕ್ಕಿಲ್ಲ.

ಮಂಚದ ಕೆಳಗಿನಿಂದ ಒಂದೇ ಸಮನೆ ಪರಪರ ಎಂಬ ಸದ್ದು ಬರುತ್ತಿತ್ತು. ಬೆಕ್ಕಿನ ನಾಲಗೆಯ ತುಂಬ ಹಿಮ್ಮುಖವಾಗಿ ಬಾಗಿದ ಗಡುಸಾದ ಮುಳ್ಳುಗಳಿರುತ್ತವೆ. ಕೂದಲನ್ನು ಬಾಚುವ ಆ ಮುಳ್ಳುಗಳೇ ದಾರವನ್ನೂ ಎಳೆಯುತ್ತವೆ. ಟಾರ್ಚು ಹಾಕಿ ನೋಡಿದರೆ ಬೋಳಿಸಿದ ಹೊಟ್ಟೆಯ ಮೇಲಿನ ಐದು ಹೊಲಿಗೆಗಳಲ್ಲಿ ಮೂರು ಇರಲಿಲ್ಲ. ಚರ್ಮ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಬಾಯ್ಬಿಟ್ಟು, ಒಳಗೆ ಹೊಳೆಯುವ ನಸುಗೆಂಪು ಮಾಂಸ ಕಾಣುತ್ತಿತ್ತು. ಬೆದರಿದ ಕೆಂಚಿ ನನ್ನ ಕೈಗೆ ಸಿಗದೆ ಬೀರುವಿನ ಮೇಲಕ್ಕೆ ಹಾರಿದಳು. ಕೆಳಗಿಳಿಸಿದಾಗ ಗಾಯದ ಒಂದು ಮೂಲೆ ಉಬ್ಬಿಕೊಂಡಿತ್ತು.

ಶಸ್ತ್ರಚಿಕಿತ್ಸೆ ಮಾಡಿದವರ ಫೋನ್ ಬಂದ್ ಆಗಿತ್ತು. ಮೂರು ಕಡೆ ವಿಚಾರಿಸಿ, ನಾಲ್ಕನೆಯವರು ಆಸ್ಪತ್ರೆ ತೆರೆಯುತ್ತೇವೆ ಎಂದ ಮೇಲೆ ಒಗೆದ ಹತ್ತಿಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ, ಗಾಯದ ಮೇಲಿಟ್ಟು, ಟವೆಲ್ಲಿನಲ್ಲಿ ಸುತ್ತಿ ಕರೆದೊಯ್ದೆವು. ಹೊಟ್ಟೆಯಲ್ಲಿ ಹೊರಗೆ ಕಾಣುವ ಚರ್ಮದ ಹೊಲಿಗೆಯ ಕೆಳಗೆ ಸ್ನಾಯುಪದರದ ಹೊಲಿಗೆ ಬೇರೆ ಇರುತ್ತದೆ. ಕೆಂಚಿಯ ಆ ಒಳಹೊಲಿಗೆ ಒಂದು ಕಡೆ ಸಡಿಲವಾಗಿತ್ತು. ಪೂರ್ತಿ ಬಿಟ್ಟಿದ್ದರೆ ಕರುಳೇ ಹೊರಗೆ ಬರುತ್ತಿತ್ತು ಎಂದು ಆ ವೈದ್ಯರು ಹೇಳಿದಾಗ ಅಮ್ಮ ಅಲ್ಲಿಯೇ ಕುಸಿದು ಕೂತರು. ಹಾಗೇನಾದರೂ ಆದರೆ ಅದನ್ನು ಒಳಗೆ ತಳ್ಳಲು ಹೋಗಬಾರದು, ಒದ್ದೆಯಾದ ಶುಭ್ರ ಬಟ್ಟೆ ಮುಚ್ಚಿ, ಬೆಕ್ಕು ಬಾಯಿ ಹಾಕದಂತೆ ಹಿಡಿದು, ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಓಡಬೇಕು. ಐದೇ ದಿನಗಳೊಳಗೆ ಮೂರು ಕಿಲೋ ತೂಕವೂ ಇಲ್ಲದ ಜೀವಕ್ಕೆ ಎರಡನೆಯ ಸಲ ಅರಿವಳಿಕೆ ಕೊಡಬೇಕಾಯಿತು.

ಆ ರಾತ್ರಿ ಇನ್ನೊಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಅವಳು ಬೆನ್ನು ಬಾಗಿಸಿ, ಕಣ್ಣು ಕಿರಿದಾಗಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ನೋವಿದೆ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಮನೆಗೆ ಬಂದಿದ್ದ ಬಂಧುವೊಬ್ಬರು, ಮಗುವಿಗೆ ಕೊಡುವ ಹಾಗೆ ಪ್ಯಾರಾಸಿಟಮಾಲ್ ಮಾತ್ರೆಯ ಕಾಲುಭಾಗ ಅರೆದು ಕೊಡಿ ಎಂದರು. ನಾನು ಅದನ್ನು ಮುರಿದೂ ಇಟ್ಟಿದ್ದೆ. ಕೊಡುವ ಮೊದಲು ವೈದ್ಯರಿಗೆ ಒಂದು ಮಾತು ಕೇಳಿದ್ದರಿಂದ ಅವಳು ಬದುಕಿದಳು. ಆ ಔಷಧವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ರಕ್ತ ಆಮ್ಲಜನಕವನ್ನು ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಂನ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು; ಕಾಲುಭಾಗವೂ ಅಪಾಯವೇ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ ಹಾಗೆಯೇ. ನೋವಿಗೆ ಬೆಕ್ಕಿನ ತೂಕ ನೋಡಿ ಪಶುವೈದ್ಯರು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಬೇಡಿ. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚುವುದು ಬೇಡ, ನೆಲ ಒರೆಸುವ ಫಿನಾಯಿಲಿನಂಥ ದ್ರಾವಣವಂತೂ ಹತ್ತಿರವೇ ಸುಳಿಯಬಾರದು; ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆಗೇ ಹೋಗುತ್ತದೆ.

ಎರಡನೆಯ ಸಲ ನಾವು ಕೆಂಚಿಯನ್ನು ಮಡಚುವ ತಂತಿಯ ಪಂಜರದಲ್ಲಿ, ಹಳೆಯ ಸೀರೆ ಹಾಸಿ ಇರಿಸಿದೆವು. ಮರಳು ಗಾಯಕ್ಕೆ ಅಂಟುತ್ತದೆಂದು ಟ್ರೇಯಲ್ಲಿ ಹರಿದ ಪತ್ರಿಕೆ ಹಾಕಿದೆವು. ಕೋನ್ ಹಾಕಿದ ಬೆಕ್ಕಿಗೆ ಆಳವಾದ ಬಟ್ಟಲಿನಲ್ಲಿ ತಿನ್ನಲು ಆಗುವುದಿಲ್ಲ ಎಂಬುದು ಆಗ ಹೊಳೆಯಿತು. ಒಂದು ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಚಪ್ಪಟೆ ತಟ್ಟೆ ಇಟ್ಟು, ಉಗುರುಬೆಚ್ಚಗಿನ ಆಹಾರ ಕೊಟ್ಟರೆ ಕೋನ್ ಸಹಿತವೇ ತಿಂದಳು. ಅಂದು ಅವಳು ಹಸಿದಿದ್ದಕ್ಕೆ ಕಾರಣ ಕೋನ್ ಅಲ್ಲ, ನಾವು ಇಟ್ಟ ಬಟ್ಟಲು ಎಂದು ತಿಳಿದು ನನಗಾದ ಸಂಕಟ ಅಷ್ಟಿಷ್ಟಲ್ಲ. ಅದೂ ಆಗದಿದ್ದರೆ ಊಟದ ಹೊತ್ತಿಗೆ ಮಾತ್ರ ಕೋನ್ ಬಿಚ್ಚಬಹುದು, ಆದರೆ ಬಿಚ್ಚಿದವರು ಪಕ್ಕದಲ್ಲೇ ಕೂತಿದ್ದು, ತಟ್ಟೆಯಿಂದ ತಲೆ ಎತ್ತಿದ ಕೂಡಲೇ ಮತ್ತೆ ಕಟ್ಟಬೇಕು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯದೆ ವೈದ್ಯರಿಗೆ ತಿಳಿಸಿ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಕೆಲವು ದಿನ ಉಪವಾಸ ಬಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತಾಗುತ್ತದೆ.

ದಿನಕ್ಕೆ ಎರಡು ಸಲ ಒಳ್ಳೆಯ ಬೆಳಕಿನಲ್ಲಿ ಗಾಯದ ಫೋಟೋ ತೆಗೆದೆ. ನಿನ್ನೆಯದರ ಪಕ್ಕದಲ್ಲಿ ಇಂದಿನದನ್ನು ಇಟ್ಟು ನೋಡಿದರೆ ಕೆಂಪು ಹೆಚ್ಚಿದೆಯೇ, ಬಾವು ಬಂದಿದೆಯೇ, ನೀರು ಒಸರುತ್ತಿದೆಯೇ ಎಂಬುದು ಸ್ಪಷ್ಟವಾಗುತ್ತದೆ. ಒಸಡು ಬಿಳಿಚಿಕೊಂಡರೆ, ಗಾಯದಿಂದ ಕೀವು ಅಥವಾ ರಕ್ತ ಬಂದರೆ, ಮೈಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲೆಂದು ಕಾಯಬೇಡಿ. ಆರೋಗ್ಯವಂತ ಬೆಕ್ಕಿನ ಮೈಬಿಸಿ ಸುಮಾರು 100.5ರಿಂದ 102.5 ಇರುವುದರಿಂದ, ನಮ್ಮ ಕೈಗೆ ಅದು ಸದಾ ಬಿಸಿಯಾಗಿಯೇ ತಾಗುತ್ತದೆ; ಮುಟ್ಟಿ ನೋಡಿ ಜ್ವರವೆಂದೋ ಇಲ್ಲವೆಂದೋ ತೀರ್ಮಾನಿಸಬೇಡಿ.

ಎರಡನೆಯ ಸಲದ ಹೊಲಿಗೆಯನ್ನು ಹದಿನಾಲ್ಕನೆಯ ದಿನ ಬಿಚ್ಚಿದರು. ಕೋನನ್ನು ಅಲ್ಲಿಯವರೆಗೆ ನಾವು ಒಂದು ಗಳಿಗೆಯೂ ತೆಗೆಯಲಿಲ್ಲ. ನೀವು ಬೆಕ್ಕನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವ ಮುನ್ನ ಎರಡು ಕೆಲಸ ಮಾಡಿ. ಸರಿಯಾದ ಅಳತೆಯ ಕೋನನ್ನು ನೀವೇ ಕೊಂಡು, ಬೆಕ್ಕಿನ ಕುತ್ತಿಗೆಗೆ ಹಾಕಿ ನೋಡಿರಿ. ಮತ್ತು ಭಾನುವಾರವಾಗಲಿ ಮಧ್ಯರಾತ್ರಿಯಾಗಲಿ ಕರೆ ತೆಗೆಯುವ ಪಶುವೈದ್ಯರ ನಂಬರನ್ನು ಮೊದಲೇ ವಿಚಾರಿಸಿ, ಮನೆಯ ಎಲ್ಲರ ಫೋನಿನಲ್ಲಿಯೂ ಬರೆದಿಡಿ.