ಗೆಳೆಯರ ಬುಕ್ ಕ್ಲಬ್ಬೋ, ಒಬ್ಬರೇ ಓದುವುದೋ?

ಜಾಸ್ತಿ ಓದಬೇಕು ಅಂತ ಆಸೆ ಇದೆ, ಪುಸ್ತಕ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಇಂಥವರಿಗೆ ಎರಡು ದಾರಿ ಇವೆ: ಒಬ್ಬರೇ ದಿನಕ್ಕಿಷ್ಟು ಅಂತ ಓದುವುದು, ಇಲ್ಲವೇ ಗೆಳೆಯರ ಜೊತೆ ಬುಕ್ ಕ್ಲಬ್ ಸೇರುವುದು, ಅಂದರೆ ಎಲ್ಲರೂ ಒಂದೇ ಪುಸ್ತಕ ಓದಿ, ಒಂದು ದಿನ ಕೂತು ಅದರ ಬಗ್ಗೆ ಮಾತಾಡುವುದು.

ಒಬ್ಬರೇ ಓದುವಾಗ ಆಯ್ಕೆ ಪೂರ್ತಿ ನಿಮ್ಮದು. ಹಿಡಿಸದಿದ್ದರೆ ಮುಚ್ಚಿಡಬಹುದು, ಇಷ್ಟವಾದ ಪುಟವನ್ನು ಮೂರು ಸಲ ಓದಬಹುದು, ಯಾರೂ ಕಾಯುತ್ತಿರುವುದಿಲ್ಲ. ಆದರೆ ಯಾರೂ ಕಾಯದಿರುವುದೇ ತೊಡಕು ಕೂಡ, ಅಲ್ವಾ? ಇವತ್ತು ಬಿಟ್ಟರೆ ನಾಳೆ, ನಾಳೆ ಬಿಟ್ಟರೆ ಮುಂದಿನ ವಾರ.

ಕ್ಲಬ್ಬಿನಲ್ಲಿ ಸೇರುವ ದಿನ ಮೊದಲೇ ಗೊತ್ತಾಗಿರುತ್ತದೆ. 300 ಪುಟದ ಪುಸ್ತಕಕ್ಕೆ 30 ದಿನ ಅಂದರೆ ದಿನಕ್ಕೆ 10 ಪುಟ, ಅಷ್ಟೇ. ಗೆಳೆಯರು ಕೇಳುತ್ತಾರೆ ಅನ್ನುವ ಸಣ್ಣ ಒತ್ತಡಕ್ಕೇ ಮಲಗುವ ಮುಂಚೆ ಫೋನ್ ಬದಲು ಪುಸ್ತಕ ಕೈಗೆ ಬರುತ್ತದೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ: ನಾನು ಸುಮ್ನೆ ದಾಟಿಹೋದ ಪಾತ್ರದ ಬಗ್ಗೆ ಗೆಳತಿಯೊಬ್ಬಳು ಅರ್ಧ ಗಂಟೆ ಮಾತಾಡಿದರೆ, ಓದಿ ಮುಗಿಸಿದ ಪುಸ್ತಕವನ್ನೇ ಮತ್ತೆ ತೆರೆಯಬೇಕು ಅನ್ನಿಸುತ್ತದೆ. ಒಬ್ಬರೇ ಓದಿದಾಗ ಇದು ಸಿಗುವುದು ಕಷ್ಟ.

ತೊಂದರೆಯೂ ಇದೆ. ನಿಮಗೆ ರುಚಿಸದ ಪುಸ್ತಕವೂ ಸರದಿಯಲ್ಲಿ ಬರುತ್ತದೆ. ಗೆಳೆಯರು ಸೇರಿದರೆ ಹರಟೆಯಲ್ಲೇ ಹೊತ್ತು ಹೋಗುತ್ತದೆ, ಹಾಗಾಗಿ ಮೊದಲ ಅರ್ಧ ಗಂಟೆ ಪುಸ್ತಕಕ್ಕೇ ಅಂತ ಮೊದಲೇ ಮಾತಾಡಿಕೊಳ್ಳಿ. 5-6 ಜನ ಸಾಕು.

ದಿನಾ ಓದುವ ಅಭ್ಯಾಸ ಈಗಾಗಲೇ ಇದ್ದರೆ ಕ್ಲಬ್ ಬೇಕೇ ಬೇಕು ಅಂತೇನಿಲ್ಲ. ಶುರುಮಾಡಿ ನಿಲ್ಲಿಸುವವರಾದರೆ ಖಂಡಿತ ಸೇರಿ, ಮೊದಲ ತಿಂಗಳಿಗೆ 150 ಪುಟದೊಳಗಿನ ಪುಸ್ತಕ ಆರಿಸಿಕೊಳ್ಳಿ.