ಅನಿಮೆ ಸ್ಟೋರಿಬೋರ್ಡ್ ಕೊಳ್ಳುವವರೇ, 'ಪಾರ್ಸೆಲ್ ತಲುಪಿತು' ಬಟನ್ ಒತ್ತುವ ಮುಂಚೆ ಇದನ್ನು ಓದಿ

38,000 ಯೆನ್ ಹೋಯಿತು. ನಮ್ಮ ದುಡ್ಡಲ್ಲಿ 20,000 ರೂಪಾಯಿಗೂ ಜಾಸ್ತಿ. ಆದರೆ ಹೊಟ್ಟೆ ಉರಿಯುತ್ತಿರುವುದು ಬರೀ ದುಡ್ಡಿಗಲ್ಲ. ಐದು ವರ್ಷದಿಂದ ಟೋಕಿಯೋದಲ್ಲಿದ್ದೇನೆ. ಅನಿಮೆ ಮಾಡುವಾಗ ಸ್ಟುಡಿಯೋದಲ್ಲಿ ಬಳಸಿದ ಹಳೆಯ ಹಾಳೆಗಳ ಬಗ್ಗೆ ಊರಿನ ಹುಡುಗರು ಕೇಳಿದಾಗಲೆಲ್ಲ "ಹೀಗೆ ನೋಡಿ ತಗೊಳ್ಳಿ" ಅಂತ ಹೇಳಿಕೊಡುತ್ತಿದ್ದವನು ನಾನು. ಅಂಥ ನಾನೇ ಮೋಸ ಹೋದೆ. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತಿದ್ದೇನೆ.

ಶಾಲೆ ಬಿಟ್ಟು ಓಡಿ ಬಂದು ನೋಡುತ್ತಿದ್ದ ಡ್ರ್ಯಾಗನ್ ಬಾಲ್ ಝಡ್ ಕಾಲದ ಹಾಳೆಗಳು ಅಂದರೆ ನನಗೆ ಜೀವ. ಜಪಾನಿನಲ್ಲಿ ಅದು ಬಂದಿದ್ದು 1989ರಿಂದ 1996ರವರೆಗೆ. ಆಗೆಲ್ಲ ಕಾಗದ, ಪೆನ್ಸಿಲ್, ಸೆಲ್ ಶೀಟಿನ (ಚಿತ್ರಕ್ಕೆ ಬಣ್ಣ ಹಚ್ಚುವ ಪಾರದರ್ಶಕ ಹಾಳೆ) ಕೆಲಸ. ಅದೇ ಸಮಯದ ಇನ್ನೊಂದು ಟಿವಿ ಸರಣಿಯ ಸೆಟ್ ಒಂದು ಸೆಕೆಂಡ್ ಹ್ಯಾಂಡ್ ಆಪ್‌ನಲ್ಲಿ ಕಾಣಿಸಿತು. 12 ಸೆತ್ತೇ ಹಾಳೆ, 6 ಎಕೊಂತೆ, ಅಂದರೆ ಸ್ಟೋರಿಬೋರ್ಡ್ ಹಾಳೆ.

ಸೆತ್ತೇ ಬಗ್ಗೆ ನಿಮಗೆ ಗೊತ್ತೇ ಇರುತ್ತೆ. ಪಾತ್ರದ ಮುಖ, ಬಟ್ಟೆ, ಎತ್ತರ ಹೇಗಿರಬೇಕು ಅಂತ ತೋರಿಸುವ ಹಾಳೆ. ಅಷ್ಟೊಂದು ಜನ ಒಂದೇ ಪಾತ್ರ ಬಿಡಿಸಬೇಕಲ್ಲ, ಅದಕ್ಕೆ ಸ್ಟುಡಿಯೋದವರೇ ಜೆರಾಕ್ಸ್ ಮಾಡಿ ಹಂಚುತ್ತಿದ್ದರು. ಹಾಗಾಗಿ ಜೆರಾಕ್ಸ್ ಅನ್ನುವುದು ಮೋಸ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದರೆ "ಜೆರಾಕ್ಸ್‌ಗೆ ಅಷ್ಟು ಕೊಟ್ಟೆಯಾ" ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ.

ನಾನು ದುಡ್ಡು ಕೊಟ್ಟಿದ್ದು ಎಕೊಂತೆ ಹಾಳೆಗಳ ಮೇಲಿನ ಕೆಂಪು ಪೆನ್ಸಿಲ್‌ಗೆ. ಒಂದರ ಕೆಳಗೆ ಒಂದು ಐದು ಚೌಕ, ಪಕ್ಕದಲ್ಲಿ ಮಾತು, ಕೊನೆಯ ಕಾಲಮ್ಮಿನಲ್ಲಿ ಸೆಕೆಂಡಿನ ಲೆಕ್ಕ. ಒಂದು ಕಡೆ 4+12 ಅಂತ ಇದ್ದದ್ದನ್ನು ಯಾರೋ ಕೆಂಪಿನಲ್ಲಿ ಹೊಡೆದು 3+12 ಮಾಡಿದ್ದರು. ಪ್ಲಸ್ ಆದ ಮೇಲಿರುವುದು ಫ್ರೇಮ್ ಲೆಕ್ಕ, ಸೆಕೆಂಡಿಗೆ 24. ನಾಲ್ಕೂವರೆ ಸೆಕೆಂಡಿನ ಶಾಟನ್ನು ಮೂರೂವರೆಗೆ ಇಳಿಸಿದ ಗುರುತು ಅದು. ಕೆಲಸ ಮಾಡಿದವರ ಕೈ ಅಲ್ಲಿದೆ ಅನ್ನಿಸಿತು. ಮೂಲೆಯಲ್ಲಿ ಪೇಪರ್ ಕ್ಲಿಪ್ಪಿನ ತುಕ್ಕಿನ ಕಲೆ ಬೇರೆ. ಆ ತುಕ್ಕು ನೋಡಿಯೇ ನಾನು ನಂಬಿದ್ದು.

ಶನಿವಾರ ರಾತ್ರಿ ಪಾರ್ಸೆಲ್ ಬಂತು. ಬಿಚ್ಚುವಷ್ಟರಲ್ಲೇ ಮಾರಿದವನ ಮೆಸೇಜ್: "ತಲುಪಿದ್ದರೆ ದಯವಿಟ್ಟು ಬೇಗ ರೇಟಿಂಗ್ ಕೊಡಿ." ಎಷ್ಟು ಮರ್ಯಾದೆಯ ಭಾಷೆ! 'ಪಾರ್ಸೆಲ್ ತಲುಪಿತು' ಅಂತ ಒತ್ತಿ ರೇಟಿಂಗ್ ಕೊಟ್ಟುಬಿಟ್ಟೆ. ಆ ಬಟನ್ ಒತ್ತುವವರೆಗೆ ದುಡ್ಡು ಆಪ್‌ನವರ ಹತ್ತಿರವೇ ಇರುತ್ತೆ, ಒತ್ತಿದ ಮೇಲೆ ಮಾರಿದವನ ಕೈಗೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ.

ಬೆಳಿಗ್ಗೆ ಕಿಟಕಿ ಹತ್ತಿರ ಹಾಳೆ ಹರಡಿಕೊಂಡು ಕೂತೆ. ಸುಮ್ನೆ ಆ ತುಕ್ಕಿನ ಮೇಲೆ ಉಗುರು ಆಡಿಸಿದೆ. ನುಣ್ಣಗಿತ್ತು. ಕ್ಲಿಪ್ಪಿನ ಒತ್ತು ಇಲ್ಲ, ಹಿಂದೆ ತಿರುಗಿಸಿದರೆ ಕಲೆಯೂ ಇಲ್ಲ, ಹಾಳೆ ಬೆಳ್ಳಗೆ. ಎದೆ ಧಸಕ್ಕೆಂದಿತು. ಎರಡನೇ ಹಾಳೆ ತೆಗೆದೆ. ಅದೇ ತುಕ್ಕು. ಅದೇ ಆಕಾರ, ಅದೇ ಜಾಗ. ಕೆಂಪು ಗೆರೆಯ ತುದಿಗೆ ರಬ್ಬರ್ ಹಾಕಿ ಉಜ್ಜಿದೆ, ಚೂರೂ ಹೋಗಲಿಲ್ಲ. ಫೋನಿನಲ್ಲಿ ಜೂಮ್ ಮಾಡಿದರೆ ಬರೀ ಚುಕ್ಕಿ. ಮನೆಯ ಪ್ರಿಂಟರಿನ ಚುಕ್ಕಿ. ತುಕ್ಕನ್ನೂ ಪ್ರಿಂಟ್ ಹೊಡೆದಿದ್ದಾನೆ!

ಮೆಸೇಜ್ ಮಾಡಿದೆ. ಮೊದಲ ಉತ್ತರ: "ನಾನು ಈ ವಿಷಯದಲ್ಲಿ ಹೊಸಬ, ಅಸಲಿ ನಕಲಿ ನನಗೆ ತಿಳಿಯುವುದಿಲ್ಲ." ಹೊಸಬನಂತೆ! ಅವನ ಪುಟದಲ್ಲಿ ಇಂಥವೇ ಹತ್ತಾರು ಸೆಟ್ ಮಾರಾಟ ಆಗಿವೆ. ಹಾಗಾದರೆ 'ತೋಜಿಮೋನೋ', ಅಂದರೆ ಆ ಕಾಲದ್ದೇ ಅಂತ ಯಾಕೆ ಬರೆದಿರಿ ಅಂದೆ. ಉತ್ತರ: "ಚಿತ್ರ ಆ ಕಾಲದ್ದೇ ಅಲ್ಲವೇ." ಪೆನ್ಸಿಲ್? "ಪೆನ್ಸಿಲ್ ಗುರುತು ಕಾಣುತ್ತದೆ ಎಂದು ಬರೆದಿದ್ದೇನೆ. ಫೋಟೋದಲ್ಲಿಯೂ ಕಾಣುತ್ತದೆ." ಕೊನೆಗೆ, ಇಲ್ಲಿ ಎಲ್ಲರೂ ಬರೆಯುವ ಅದೇ ಸಾಲು: ನೋ ಕ್ಲೇಮ್, ನೋ ರಿಟರ್ನ್, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಒಂದು ಕಡೆಯೂ ದನಿ ಏರಿಸಲಿಲ್ಲ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಆಪ್‌ನವರನ್ನು ಕೇಳಿದರೆ, ರೇಟಿಂಗ್ ಆದ ಮೇಲೆ ನೀವಿಬ್ಬರೇ ಮಾತಾಡಿಕೊಳ್ಳಿ ಅಂದರು.

ಆದರೂ ಮನಸ್ಸು ಕೇಳಲಿಲ್ಲ. ಅನಿಮೆ, ಮಾಂಗಾ ಅಂಗಡಿಗಳು ತುಂಬಿರುವ ಟೋಕಿಯೋದ ನಾಕಾನೋ ಬ್ರಾಡ್‌ವೇಗೆ ಹೋಗಿ, ಹಳೆಯ ಸೆಲ್ ಮಾರುವ ಅಂಗಡಿಯ ಒಬ್ಬ ಹಿರಿಯರಿಗೆ ತೋರಿಸಿದೆ. ನಕಲಿ ಅಂತ ಅವರು ಹೇಳಲಿಲ್ಲ. ಹಾಳೆ ಎತ್ತಿ ಬೆಳಕಿಗೆ ಹಿಡಿದರು, ಬೆರಳಲ್ಲಿ ಒಂದು ಸಲ ಸವರಿದರು, "ಕಾಗದ ಹೊಸದು" ಅಂದರು. ಎರಡೂ ಕೈಯಲ್ಲಿ ವಾಪಸ್ ಕೊಟ್ಟರು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಕೊಳ್ಳುವವರು ಹಾಳೆಯ ಹಿಂಬದಿಯ ಫೋಟೋ ಕೇಳಿ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ತೆಗೆದ ಫೋಟೋನೂ ಕೇಳಿ. ನಿಜವಾದ ಪೆನ್ಸಿಲ್ ಗೆರೆ ಹೊಳೆಯುತ್ತೆ, ಒತ್ತಿ ಬರೆದಿದ್ದರೆ ಹಿಂದೆ ಉಬ್ಬು ಕಾಣುತ್ತೆ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಬೆಂಗಳೂರಿನಿಂದ ಏಜೆಂಟರ ಮೂಲಕ ತರಿಸುವವರು ಇನ್ನೂ ಜಾಸ್ತಿ ಹುಷಾರಾಗಿರಿ. ಪಾರ್ಸೆಲ್ ಮೊದಲು ಅವರ ಗೋದಾಮಿಗೆ ಹೋಗುತ್ತೆ, ಅಲ್ಲೇ ಅವರೇ ಬಟನ್ ಒತ್ತಿಬಿಟ್ಟಿರುತ್ತಾರೆ. ನಿಮ್ಮ ಕೈಗೆ ಬರುವಾಗ ಎಲ್ಲ ಮುಗಿದಿರುತ್ತೆ. ಮತ್ತೆ, ಯಾರೇ ಎಷ್ಟೇ ವಿನಯವಾಗಿ ಅವಸರ ಮಾಡಿದರೂ ಒತ್ತಬೇಡಿ. ಒತ್ತಲೇಬೇಡಿ.

ನಿನ್ನೆ ರಾತ್ರಿ ಅದೇ ಸೆಟ್ ಮತ್ತೆ ಹಾಕಿದ್ದಾನೆ. 12 ಹಾಳೆ, 6 ಹಾಳೆ, ಈ ಸಲ 42,000 ಯೆನ್. ಮೊದಲ ಫೋಟೋದಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ, ಅದೇ ತುಕ್ಕು.